ಸೀರೆಗೆ ಜೇಬಿಲ್ಲ

ಊರಿಗೆಲ್ಲ ಬಟವಾಡೆ ಶನಿವಾರ,
ಜೆಪ್ಪಿನ ನಮ್ಮ ಹಂಚಿನ ಕಾರ್ಖಾನೆಗೆ ಶುಕ್ರವಾರ.
ಕಾರಣ ಲೆಕ್ಕದ ಪೇಣ್ಕರರು,
ಶನಿವಾರ ದುಡ್ಡು ಮುಟ್ಟದವರು.
ಕೊಂಕಣದ ಕಡಲ ಬದಿಯ ಯೆಹೂದಿ, ಅಜ್ಜನದು ಎಣ್ಣೆಗಾಣ;
ಅಲ್ಲಿಯ ಜನ ಕರೆಯುತ್ತಿದ್ದದ್ದೇ ಶನಿವಾರದ ಗಾಣಿಗರೆಂದು.
ನಮಗದು ಒಳ್ಳೆಯದೇ ಆಯಿತು:
ಶನಿವಾರ ಬೆಳಿಗ್ಗೆ ಧಕ್ಕೆಯಲ್ಲಿ
ಬಂಗುಡೆಯ ಕಣ್ಣಲ್ಲಿ ಹೊಳಪಿರುವಾಗಲೇ ಕೊಳ್ಳಬಹುದು.

ನನ್ನ ಕೆಲಸ ಹಸಿ ಹಂಚಿನ ಮೂಗು ನೋಡುವುದು.
ಬೆನ್ನ ಕಡೆ, ರೀಪಿಗೆ ಸಿಕ್ಕಿಕೊಳ್ಳುವ ಸಣ್ಣ ಮೂಗು,
ಮಾಡಿನ ಮೇಲಿಂದ ಯಾರಿಗೂ ಕಾಣದು.
ಅಚ್ಚಿನಲ್ಲಿ ಕಂಪೆನಿಯ ಹೆಸರು;
ಮೂಗಿನ ಬುಡದಲ್ಲಿ ನನ್ನ ಹೆಬ್ಬೆಟ್ಟು, ಯಾರೂ ಓದದ್ದು.

"ಹದಿನೆಂಟು ಹಂಚು ಒಡೆದಿದೆ,
ಚೋಮಕ್ಕನ ಸಂಬಳದಲ್ಲಿ ಹಿಡಿಯಿರಿ"
ಎಂದ ಲಾದ್ರು ಮೇಸ್ತ್ರಿ. ನಾನು ತಲೆಯಾಡಿಸಿದೆ.
ಪೇಣ್ಕರರು ಪೆನ್ನು ಎತ್ತಿದರು, ಬರೆಯಲಿಲ್ಲ.
"ಒಡೆದದ್ದು ನೀನಾ?"
"ಅಲ್ಲ."
"ಮತ್ತೆ ಒಪ್ಪಿದ್ದು?"
"ನಾವೆಲ್ಲ ಮಣ್ಣು ಅಯ್ಯ. ಮಣ್ಣಿಗೆ ಎಂಥ ತಕರಾರು."

ಕೋಟಿನ ಎರಡೂ ಜೇಬಿಗೆ ಕೈ ಹಾಕಿದರು.
ಎಡದಿಂದೊಂದು ಚೀಟಿ, ಬಲದಿಂದೊಂದು,
ಮಡಿಕೆ ಸವೆದು ಹಳೆ ಬಟ್ಟೆಯಂತಾದವು.
ಒಂದರಲ್ಲಿ: ನಾನು ಮಣ್ಣು, ನಾನು ಬೂದಿ.
ಇನ್ನೊಂದರಲ್ಲಿ: ಈ ಲೋಕ ಹುಟ್ಟಿದ್ದು ನನಗಾಗಿ.
ಅವರ ಹಿರಿಯರು ಹೇಳಿಕೊಟ್ಟದ್ದಂತೆ.
ತಲೆ ತಿರುಗಿದಾಗ ಎಡಕ್ಕೆ ಕೈ, ಕುಸಿದಾಗ ಬಲಕ್ಕೆ.
ಕಷ್ಟ ಚೀಟಿಯದ್ದಲ್ಲ,
ಯಾವ ಹೊತ್ತಿಗೆ ಯಾವ ಜೇಬು ಅನ್ನುವುದು;
"ನಲವತ್ತು ವರ್ಷದಿಂದ ತಪ್ಪುತ್ತಲೇ ಇದ್ದೇನೆ" ಎಂದರು.

ನಾನೆಂದೆ, "ಸೀರೆಗೆ ಜೇಬಿಲ್ಲ ಅಯ್ಯ."

ತೆರೆದ ಬಾಯಿ ತೆರೆದೇ ಇತ್ತು.
ಅವರ ಹಿರಿಯರನ್ನು ಯಾರೂ ಇದನ್ನು ಕೇಳಿರಲಿಲ್ಲವೇನೋ.

ಮನೆಗೆ ನಡೆಯುತ್ತ ಸೆರಗಿನ ತುದಿಗೆ ಗಂಟು ಹಾಕಿದೆ,
ಒಳಗೇನೂ ಇಡದೆ. ಬಲದ ಚೀಟಿಯ ಗಂಟು.
ಎಡದ್ದು ನನಗ್ಯಾಕೆ?
ಮೊಣಕೈವರೆಗೆ ಮಣ್ಣು, ಕೂದಲ ತುಂಬ ಗೂಡಿನ ಬೂದಿ;
ಓದು ಬಾರದವಳಿಗೂ ಆ ಚೀಟಿ ಬಾಯಿಪಾಠ.
ಸೋಮವಾರ ಲಾದ್ರುವಿನ ಎದುರು ನಿಂತೆ, ಗಂಟು ಮುಷ್ಟಿಯಲ್ಲಿ.
"ನಾನು ಒಡೆದದ್ದಲ್ಲ."
ಕಾಲು ನಡುಗಿದ್ದು ಸೀರೆಯೊಳಗೆ;
ಅದಕ್ಕಾದರೂ ಸೀರೆ ಒದಗಿತು.

ಏಳು ಮಳೆಗಾಲ ಕಳೆದು ಆ ಸಾಲಿಗೆ ನಾನೇ ಮೇಸ್ತ್ರಿ.
ಸೀರೆ ಬದಲಾದರೂ ಗಂಟು ಬದಲಾಗಲಿಲ್ಲ, ದಿನಕ್ಕಿಷ್ಟು ಬಿಗಿ.
ಬಜಾಲಿನಿಂದ ಬರುತ್ತಿದ್ದ ಸೆವ್ರಿನ್, ಮೀಸೆ ಮೂಡದ ತಮ್ಮಂದಿರ ಅಕ್ಕ,
ಒಂದು ಹಲಗೆ ಹಂಚು ಬೀಳಿಸಿದಳು.
"ನಿನ್ನ ಕೈಗಿಂತ ಹಂಚಿಗೆ ಕ್ರಯ ಹೆಚ್ಚು!"
ಗೂಡಿನವರೂ ತಿರುಗಿ ನೋಡುವ ಹಾಗೆ ಕೂಗಿದೆ.
ಅವಳು ನೆಲ ನೋಡುತ್ತ ಅಂದಳು:
"ಹೌದಕ್ಕ. ನಾವು ಮಣ್ಣು."

ನನ್ನ ಮಾತು. ನನ್ನದೇ ಸ್ವರ.
ಲಾದ್ರುವಿನ ಮೀಸೆ ನನ್ನ ತುಟಿಯ ಮೇಲೆ ಚುಚ್ಚಿದ ಹಾಗಾಯಿತು.

ಕೇಳೋಣವೆಂದರೆ ಪೇಣ್ಕರರು ಮುಂಬಯಿಗೆ ಹೋಗಿ ಆಗಿತ್ತು,
ಬಟವಾಡೆ ಶನಿವಾರಕ್ಕೆ ಜಾರಿಯೂ ಆಗಿತ್ತು.
ಸೆರಗಿನ ಇನ್ನೊಂದು ಮೂಲೆಗೂ ಗಂಟು ಹಾಕಿದೆ.
ಸೆವ್ರಿನಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಚೂರು ಹೆಕ್ಕಿದೆ.
ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದೆನಾ?
ನೆನಪಿಲ್ಲ. ಹೇಳಿರಲಿಕ್ಕಿಲ್ಲ.

ಈಗ ಅಲ್ಲಿ ಫ್ಲ್ಯಾಟುಗಳು.
ನಮ್ಮ ಮಾಡಿನಲ್ಲಿ ಮಾತ್ರ ಆ ಹಂಚು,
ಬಗ್ಗಿಕೊಂಡು, ಜಾರದೆ.
ಮೊನ್ನೆ ಮೊಮ್ಮಗಳು ಹೊಸ ಕುರ್ತಾ ತೋರಿಸಿದಳು,
"ಅಜ್ಜಿ, ಜೇಬು ಉಂಟು ನೋಡಿ!"
ಒಂದೇ ಇತ್ತು.
"ದರ್ಜಿಗೆ ಹೇಳು, ಇನ್ನೊಂದು ಇಡಲಿ."
"ಮೊಬೈಲಿಗೆ ಒಂದು ಸಾಲದಾ?"

ಸಾಕು ಮಗಾ.
ಮೊಬೈಲಿಗೆ ಸಾಕು.